ಹ್ಯಾಗ್ಲರ್ ಗೆದ್ದನೋ, ಲಿಯೊನಾರ್ಡ್ ಗೆದ್ದನೋ? ಮನೆಯಲ್ಲೇ ಕೂತು ಪಾಯಿಂಟ್ ಬರೆಯುವ ಬಗೆ

ಪ್ರಶ್ನೆ: ನಮಸ್ಕಾರ ಸರ್. ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದೇನೆ. ಭಾನುವಾರ ರಾತ್ರಿ ಅಪ್ಪನೂ ನಾನೂ ಯೂಟ್ಯೂಬ್‌ನಲ್ಲಿ ಹಳೆಯ ಬಾಕ್ಸಿಂಗ್ ಪಂದ್ಯ ಹಾಕಿಕೊಂಡು ಕೂರುತ್ತೇವೆ. ಹೋದ ವಾರ 1987ರ ಹ್ಯಾಗ್ಲರ್–ಲಿಯೊನಾರ್ಡ್ ಪಂದ್ಯ ನೋಡಿದೆವು. ಒಬ್ಬರ ಹಾಳೆ ಇನ್ನೊಬ್ಬರಿಗೆ ತೋರಿಸದೆ ಪಾಯಿಂಟ್ ಬರೆದೆವು. ನನ್ನ ಲೆಕ್ಕದಲ್ಲಿ ಹ್ಯಾಗ್ಲರ್ 115–113. ಅಪ್ಪನ ಲೆಕ್ಕದಲ್ಲಿ ಲಿಯೊನಾರ್ಡ್ 116–112. ಇಬ್ಬರದ್ದೂ ವಾದ ಇನ್ನೂ ಮುಗಿದಿಲ್ಲ. ಯಾರದ್ದು ಸರಿ? ಪಾಯಿಂಟ್ ಬರೆಯುವುದಕ್ಕೆ ಸರಿಯಾದ ಕ್ರಮ ಅಂತ ಇದೆಯಾ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಇಬ್ಬರದ್ದೂ ಸರಿ ಇರಬಹುದು. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. 1987ರ ಏಪ್ರಿಲ್ 6ರಂದು ಲಾಸ್ ವೇಗಸ್‌ನಲ್ಲಿ ರಿಂಗ್ ಪಕ್ಕದಲ್ಲೇ ಕೂತಿದ್ದ ಮೂವರು ಜಡ್ಜ್‌ಗಳಿಗೂ ಒಂದೇ ಅಭಿಪ್ರಾಯ ಬರಲಿಲ್ಲ. ಒಬ್ಬರು ನಿಮ್ಮ ಹಾಗೆಯೇ ಹ್ಯಾಗ್ಲರ್‌ಗೆ 115–113 ಕೊಟ್ಟರು. ಇನ್ನೊಬ್ಬರು ಅದೇ 115–113 ಲಿಯೊನಾರ್ಡ್‌ಗೆ ಕೊಟ್ಟರು. ಮೂರನೆಯವರು ಲಿಯೊನಾರ್ಡ್‌ಗೆ 118–110 ಬರೆದರು. ಅಂದರೆ 12 ರೌಂಡ್‌ನಲ್ಲಿ 10 ಅವನದೇ ಅಂತ. ಈ 118–110 ಮಾತ್ರ ನನಗೆ ಇವತ್ತಿಗೂ ಒಪ್ಪಿಗೆ ಇಲ್ಲ. ಪಂದ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ, ಹ್ಯಾಗ್ಲರ್‌ಗೆ ಎರಡೇ ರೌಂಡ್ ಕೊಡಲು ಒಂದು ಸಲವೂ ಮನಸ್ಸು ಬಂದಿಲ್ಲ. ಆ ಸೋಲಿನ ನಂತರ ಹ್ಯಾಗ್ಲರ್ ಮತ್ತೆ ಪಂದ್ಯಕ್ಕೆಂದು ರಿಂಗ್ ಹತ್ತಲೇ ಇಲ್ಲ. ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

ಈಗ ಕ್ರಮಕ್ಕೆ ಬರೋಣ. ನಮ್ಮ ಊರಿನವರಿಗೆ ಈ ಲೆಕ್ಕ ಸ್ವಲ್ಪ ಹೊಸದು. ದಸರಾ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್. ಅಖಾಡದ ಸುತ್ತ ಕೂತವರಿಗೆಲ್ಲ ಒಟ್ಟಿಗೇ ಗೊತ್ತಾಗುತ್ತದೆ. ವಿಜಯದಶಮಿಯ ದಿನ ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲಂತೂ ಜಟ್ಟಿಯ ಬೋಳು ತಲೆಯಲ್ಲಿ ರಕ್ತ ಕಂಡರೆ ಮುಗಿಯಿತು. ಬರೆಯುವ ಕೆಲಸವೇ ಇಲ್ಲ. ಬಾಕ್ಸಿಂಗ್‌ನಲ್ಲಿ ಇಬ್ಬರೂ ನಿಂತಿರುವಾಗಲೇ ಕೊನೆಯ ಗಂಟೆ ಹೊಡೆದರೆ, ಯಾರಾದರೂ ಕೂತು ತೀರ್ಮಾನ ಮಾಡಬೇಕು.

ಲೆಕ್ಕ ಹೀಗಿದೆ. ಮೂರು ನಿಮಿಷದ ಒಂದೊಂದು ರೌಂಡ್‌ಗೂ ಗೆದ್ದವನಿಗೆ 10, ಸೋತವನಿಗೆ 9. ಒಂದು ಸಲ ನೆಲಕ್ಕೆ ಬಿದ್ದರೆ ಸಾಮಾನ್ಯವಾಗಿ 10–8, ಎರಡು ಸಲ ಬಿದ್ದರೆ 10–7. ತಪ್ಪು ಆಟಕ್ಕೆ ರೆಫರಿ ಪಾಯಿಂಟ್ ಕಡಿದರೆ ಅದನ್ನು ಆಮೇಲೆ ಕಳೆಯಬೇಕು. ಹೀಗಾಗಿ 115–113 ಅಂದರೆ 7–5 ರೌಂಡ್, 116–112 ಅಂದರೆ 8–4. ನಿಮ್ಮ ಹಾಳೆಯಲ್ಲಿ ಹ್ಯಾಗ್ಲರ್‌ಗೆ ಏಳು, ಅಪ್ಪನ ಹಾಳೆಯಲ್ಲಿ ನಾಲ್ಕು. ನೋಡುವುದಕ್ಕೆ ದೊಡ್ಡ ಜಗಳ, ಆದರೆ ಅದು ಮೂರೇ ರೌಂಡ್‌ನದ್ದು ಇರಬಹುದು. ಎರಡೂ ಹಾಳೆ ಪಕ್ಕಪಕ್ಕ ಇಟ್ಟು, ಎಲ್ಲೆಲ್ಲಿ ಬೇರೆಯಾಗಿದೆಯೋ ಅವಕ್ಕೆ ಗುರುತು ಹಾಕಿ. ಅಷ್ಟನ್ನೇ ಮತ್ತೆ ನೋಡಿ. ಇಡೀ ಪಂದ್ಯದ ಬಗ್ಗೆ ವಾದ ಮಾಡಿದರೆ ಬೆಳಗಾಗುತ್ತದೆ. ನಾಲ್ಕನೇ ರೌಂಡ್ ಬಗ್ಗೆ ವಾದ ಮಾಡಿದರೆ ಹತ್ತು ನಿಮಿಷದಲ್ಲಿ ಒಬ್ಬರು ಒಪ್ಪುತ್ತೀರಿ.

ಏನನ್ನು ನೋಡಬೇಕು? ಮೊದಲು, ಸರಿಯಾಗಿ ತಾಗಿದ ಗುದ್ದು. ಗ್ಲೌಸ್‌ನ ಗೆಣ್ಣಿನ ಭಾಗ ಮುಖಕ್ಕೋ ಹೊಟ್ಟೆ ಪಕ್ಕೆಗೋ ನೇರವಾಗಿ ಬಡಿಯಬೇಕು. ತೋಳಿಗೆ ತಾಗಿದ್ದು, ಎದುರಾಳಿಯ ಗ್ಲೌಸ್‌ಗೆ ತಾಗಿದ್ದು ಲೆಕ್ಕಕ್ಕಿಲ್ಲ. ಹೊಡೆಯುವವನ ಕೈ ನೋಡಬೇಡಿ, ಹೊಡೆಸಿಕೊಳ್ಳುವವನ ತಲೆ ನೋಡಿ. ತಲೆ ಹಿಂದಕ್ಕೆ ಹೋಯಿತಾ? ಬೆವರು ಚಿಮ್ಮಿತಾ? ಕಾಲು ಒಂದು ಕ್ಷಣ ನಿಂತುಹೋಯಿತಾ? ಅದೇ ಸಾಕ್ಷಿ.

ಎರಡನೆಯದು, ಮುನ್ನುಗ್ಗಿ ಹೊಡೆಯುವುದು. ಬರೀ ಮುನ್ನುಗ್ಗುವುದಲ್ಲ, ಅದರಿಂದ ಏನಾದರೂ ಸಿಗಬೇಕು. 1993ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ಚಾವೆಜ್ ಇಡೀ ರಾತ್ರಿ ವಿಟೇಕರ್ ಮೇಲೆ ನುಗ್ಗುತ್ತಲೇ ಇದ್ದ, ಅರ್ಧಕ್ಕರ್ಧ ಗುದ್ದು ಗಾಳಿಗೆ. ಇಬ್ಬರು ಜಡ್ಜ್‌ಗಳು 115–115 ಕೊಟ್ಟರು, ಒಬ್ಬರು ಮಾತ್ರ ವಿಟೇಕರ್‌ಗೆ 115–113. ಪಂದ್ಯ ಡ್ರಾ ಆಯಿತು. ನನ್ನ ಪುಸ್ತಕದಲ್ಲಿ ಅದು ವಿಟೇಕರ್ ಸುಲಭವಾಗಿ ಗೆದ್ದ ಪಂದ್ಯ. ನುಗ್ಗಿದವನಿಗೆ ಬರೀ ನುಗ್ಗಿದ್ದಕ್ಕೆ ಪಾಯಿಂಟ್ ಕೊಡಬಾರದು ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಂದ್ಯ ನನಗೆ ಸಿಕ್ಕಿಲ್ಲ. ಉಳಿದ ಎರಡು, ಅಂದರೆ ರಿಂಗ್ ಯಾರ ಹಿಡಿತದಲ್ಲಿದೆ ಮತ್ತು ಯಾರು ಚೆನ್ನಾಗಿ ತಪ್ಪಿಸಿಕೊಂಡರು ಅನ್ನುವುದು, ಮೊದಲೆರಡರಲ್ಲಿ ಸಮ ಬಂದಾಗ ನೋಡಿದರೆ ಸಾಕು.

ಈಗ ನಿಮ್ಮ ಪಂದ್ಯದ ನಿಜವಾದ ಗುಟ್ಟು. ಹ್ಯಾಗ್ಲರ್ ಎಡಗೈ ಶೈಲಿಯವನು. ಆದರೆ ಮೊದಲೆರಡು ರೌಂಡ್ ಬಲಗೈಯವನ ಹಾಗೆ ನಿಂತು ಆಡಿದ. ಆ ಎರಡನ್ನೂ ಮೂವರು ಜಡ್ಜ್‌ಗಳೂ ಲಿಯೊನಾರ್ಡ್‌ಗೇ ಕೊಟ್ಟರು. ಕೊನೆಗೆ ಸೋತಿದ್ದು ಕೂದಲೆಳೆಯಲ್ಲಿ, ಕೈಯಾರೆ ಬಿಟ್ಟುಕೊಟ್ಟದ್ದು ಎರಡು ರೌಂಡ್! ಲಿಯೊನಾರ್ಡ್ ಇನ್ನೊಂದು ಉಪಾಯ ಮಾಡಿಕೊಂಡಿದ್ದ. ಎರಡೂವರೆ ನಿಮಿಷ ತಿರುಗಾಡಿ, ಕೊನೆಯ ಅರ್ಧ ನಿಮಿಷದಲ್ಲಿ ಪಟಪಟನೆ ಹತ್ತಾರು ಗುದ್ದು ಬಿಡುವುದು. ಜನ ಎದ್ದು ಕೂಗುತ್ತಾರೆ, ಗಂಟೆ ಹೊಡೆಯುತ್ತದೆ, ಕಣ್ಣಲ್ಲಿ ಉಳಿಯುವುದು ಅದೊಂದೇ.

ಇದಕ್ಕೆ ನಾನು ಮಾಡುವ ಉಪಾಯ ಹೇಳುತ್ತೇನೆ. ಕಾಲೇಜಿನಲ್ಲಿ ಗ್ಲೌಸ್ ಹಾಕಿದವನು ನಾನು. ಆಮೇಲೆ ಬಹಳ ವರ್ಷ ಸಣ್ಣಪುಟ್ಟ ಪಂದ್ಯಗಳಲ್ಲಿ ಜಡ್ಜ್ ಕುರ್ಚಿಯಲ್ಲಿ ಕೂತಿದ್ದೇನೆ. ಈಗ ಇನ್ನೂರು ಪುಟದ ರೂಲ್ ನೋಟ್‌ಬುಕ್ ಇಟ್ಟುಕೊಂಡಿದ್ದೇನೆ, ನಡುವೆ ದಾರ ಕಟ್ಟಿದ ಪೆನ್ಸಿಲ್. ಒಂದೊಂದು ರೌಂಡ್‌ಗೆ ಒಂದು ಸಾಲು. ಆ ಸಾಲಿನಲ್ಲಿ ಮೂರು ಸಣ್ಣ ಚೌಕ, ನಿಮಿಷಕ್ಕೊಂದು. ನಿಮಿಷ ಮುಗಿದ ಹಾಗೆ ಯಾರು ಮೇಲು ಅಂತ ಹೆಸರಿನ ಮೊದಲ ಅಕ್ಷರ ಬರೆಯುತ್ತೇನೆ. ‘ಹ, ಹ, ಲಿ’ ಅಂತ ಬಂದರೆ, ಕೊನೆಯ ಗದ್ದಲಕ್ಕೆ ಮರುಳಾಗಿ ರೌಂಡನ್ನು ಲಿಯೊನಾರ್ಡ್‌ಗೆ ಕೊಡುವ ಮೊದಲು ಕೈ ತಾನೇ ನಿಲ್ಲುತ್ತದೆ. ಹಾಗಂತ ಎರಡು ಚೌಕ ಬಂದವನಿಗೇ ರೌಂಡ್ ಅಂತಲ್ಲ. ಒಂದು ನಿಮಿಷದಲ್ಲಿ ಬಿದ್ದ ಭಾರಿ ಏಟು ಉಳಿದೆರಡನ್ನು ಮೀರಿಸಬಹುದು. ಐದನೇ ರೌಂಡ್ ಕೊನೆಯಲ್ಲಿ ಹ್ಯಾಗ್ಲರ್ ಕೆಳಗಿನಿಂದ ಕೊಟ್ಟ ಅಪ್ಪರ್‌ಕಟ್‌ಗೆ ಲಿಯೊನಾರ್ಡ್ ಮಂಡಿ ಸಡಿಲವಾಗುತ್ತದೆ, ನಿಲ್ಲಿಸಿ ನೋಡಿ. ಅದು ಅಂಥ ಏಟು.

ಗಂಟೆ ಹೊಡೆದ ಕೂಡಲೇ ಬರೆಯಿರಿ. ಮುಂದಿನ ರೌಂಡ್ ನೋಡಿ ಹಿಂದಿನದನ್ನು ತಿದ್ದಬೇಡಿ. ನಡುವೆ ಒಟ್ಟು ಲೆಕ್ಕ ಕೂಡಿಸಬೇಡಿ. ‘ಇವನಿಗೆ ಜಾಸ್ತಿ ಕೊಟ್ಟೆ, ಈ ಸಲ ಅವನಿಗೆ ಕೊಡೋಣ’ ಅನ್ನುವ ದಯೆ ಬಂದರೆ ಹಾಳೆ ಕೆಟ್ಟಿತು ಅಂತಲೇ ಲೆಕ್ಕ. ಒಂದೊಂದು ರೌಂಡೂ ಹೊಸ ಪಂದ್ಯ.

ಇನ್ನೊಂದು ಮಾತು. ಸೌಂಡ್ ಆಫ್ ಮಾಡಿ ನೋಡಿ. ಇದೇ ಪಂದ್ಯವನ್ನು ನಾನು ಮೊದಲ ಸಲ ಸೌಂಡ್ ಇಟ್ಟುಕೊಂಡು ಬರೆದೆ. ಆರು ತಿಂಗಳು ಬಿಟ್ಟು ಮನೆಯವರೆಲ್ಲ ಮಲಗಿದ ಮೇಲೆ ಸೌಂಡ್ ಇಲ್ಲದೆ ಮತ್ತೆ ಬರೆದೆ. ಎರಡು ರೌಂಡ್ ಬದಲಾಯಿತು. ಎರಡೂ ಲಿಯೊನಾರ್ಡ್‌ನಿಂದ ಹ್ಯಾಗ್ಲರ್ ಕಡೆಗೆ ಬಂದವು. ಜನರ ಕೂಗು ಅಷ್ಟು ಕೆಲಸ ಮಾಡಿತ್ತು. ಕಾಮೆಂಟರಿಯಂತೂ ಬೇಡವೇ ಬೇಡ. ಒಬ್ಬನ ಹೆಸರನ್ನು ಅವರು ಹತ್ತು ಸಲ ಹೇಳಿದರೆ ನಮ್ಮ ಕಣ್ಣು ಅವನನ್ನೇ ಹಿಂಬಾಲಿಸುತ್ತದೆ.

ಪ್ರಶ್ನೆ: ಕೆಲವು ರೌಂಡ್‌ಗಳಲ್ಲಿ ಏನೂ ನಡೆಯುವುದೇ ಇಲ್ಲ. 10–10 ಕೊಟ್ಟುಬಿಡಬಹುದಾ?
– ಓದುಗರು, ಮದ್ದೂರು

ಉತ್ತರ: ನಿಯಮದಲ್ಲಿ ಅವಕಾಶ ಇದೆ. ಆದರೆ ಅಭ್ಯಾಸ ಮಾಡಿಕೊಳ್ಳಬೇಡಿ. ಏನೂ ನಡೆಯಲಿಲ್ಲ ಅನ್ನಿಸುವ ರೌಂಡ್‌ನಲ್ಲೂ ಒಬ್ಬನ ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಗುದ್ದು, ಮೂರು ಸಲ ಜಾಸ್ತಿ ತಾಗಿರುತ್ತದೆ. ಅದನ್ನು ಹುಡುಕುವುದೇ ನಮ್ಮ ಕೆಲಸ. ನಾನು ಅಂಥ ಸಾಲಿನ ಪಕ್ಕ ಒಂದು ಚುಕ್ಕೆ ಇಡುತ್ತೇನೆ, ‘ಯಾರಿಗೆ ಬೇಕಾದರೂ ಕೊಡಬಹುದು’ ಅಂತ ನೆನಪಿಗೆ. ಪಂದ್ಯ ಮುಗಿದ ಮೇಲೆ ಚುಕ್ಕೆ ಎಣಿಸಿ. ನಿಮ್ಮ ಲೆಕ್ಕ 115–113 ಇದ್ದು ನಾಲ್ಕು ಚುಕ್ಕೆ ಇದ್ದರೆ, ಬೇರೆಯವರ ತೀರ್ಪನ್ನು ಮೋಸ ಅನ್ನುವ ಮೊದಲು ಯೋಚಿಸಬೇಕು, ಅಲ್ವಾ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. 1971ರ ಅಲಿ–ಫ್ರೇಜಿಯರ್ ಪಂದ್ಯದ ಅಂಕ 8–6–1, 9–6, 11–4 ಅಂತ ಓದಿದೆ. ಇದು ಯಾವ ಲೆಕ್ಕ? ನಾನು 10 ಪಾಯಿಂಟ್‌ನ ಲೆಕ್ಕದಲ್ಲಿ ಬರೆದರೆ ತಪ್ಪಾಗುತ್ತದೆಯೇ?
– ಓದುಗರು, ಮಂಡ್ಯ

ಉತ್ತರ: ಮೇಷ್ಟ್ರೇ, ಒಳ್ಳೆಯ ಪ್ರಶ್ನೆ. ಆಗ ನ್ಯೂಯಾರ್ಕ್‌ನಲ್ಲಿ ಪಾಯಿಂಟ್ ಅಲ್ಲ, ಗೆದ್ದ ರೌಂಡ್‌ಗಳನ್ನು ಎಣಿಸುತ್ತಿದ್ದರು. ಪಂದ್ಯ 15 ರೌಂಡ್‌ನದು. 8–6–1 ಅನ್ನುವುದು ರೆಫರಿಯ ಲೆಕ್ಕ. ಫ್ರೇಜಿಯರ್‌ಗೆ ಎಂಟು, ಅಲಿಗೆ ಆರು, ಒಂದು ಸಮ. ಆ ಕಾಲದಲ್ಲಿ ರೆಫರಿಯೂ ಅಂಕ ಕೊಡುತ್ತಿದ್ದರು.

ಈ ಲೆಕ್ಕದಲ್ಲಿ ಒಂದು ಕೊರತೆ ಇದೆ. ಹದಿನೈದನೇ ರೌಂಡ್‌ನಲ್ಲಿ ಫ್ರೇಜಿಯರ್ ಬದಿಯಿಂದ ಬೀಸಿದ ಎಡಗೈ ಹುಕ್‌ಗೆ ಅಲಿ ಬೆನ್ನಡಿಯಾಗಿ ಬಿದ್ದದ್ದು ನಿಮಗೆ ನೆನಪಿರುತ್ತದೆ. ಅಷ್ಟು ದೊಡ್ಡ ಏಟಿಗೂ ಸಿಕ್ಕಿದ್ದು ಒಂದೇ ರೌಂಡ್. ಕೂದಲೆಳೆಯಲ್ಲಿ ಗೆದ್ದ ರೌಂಡ್‌ಗೂ ಅದೇ ಬೆಲೆ. ರೆಫರಿಯ 8–6–1 ಅನ್ನು ಇವತ್ತಿನ ಲೆಕ್ಕಕ್ಕೆ ತಂದರೆ 144–142 ಆಗುತ್ತದೆ. ಬಿದ್ದದ್ದಕ್ಕೆ ಇನ್ನೊಂದು ಕಳೆದರೆ 144–141. ಹನ್ನೊಂದನೇ ರೌಂಡ್‌ನಲ್ಲಿ ಅಲಿ ತೂರಾಡಿದ್ದಕ್ಕೂ 10–8 ಕೊಡುವವರಿದ್ದಾರೆ.

ನನ್ನ ಸಲಹೆ, ಎರಡೂ ಬರೆಯಿರಿ. ಅವತ್ತಿನ ಜಡ್ಜ್‌ಗಳ ಜೊತೆ ಹೋಲಿಸುವುದಕ್ಕೆ ರೌಂಡ್ ಲೆಕ್ಕ, ನಿಮ್ಮ ತೃಪ್ತಿಗೆ ಪಾಯಿಂಟ್ ಲೆಕ್ಕ. ಹಳೆಯ ಪಂದ್ಯಗಳ ಕಡೆಯ ಮೂರು ರೌಂಡ್ ಬರೆಯುವಾಗ ಮಾತ್ರ ನನಗೆ ಮನಸ್ಸು ಭಾರವಾಗುತ್ತದೆ. 1982ರ ನವೆಂಬರ್‌ನಲ್ಲಿ ಕೊರಿಯಾದ ಡುಕ್ ಕೂ ಕಿಮ್ ಹದಿನಾಲ್ಕನೇ ರೌಂಡ್‌ನಲ್ಲಿ ಬಿದ್ದು ಕೆಲವೇ ದಿನದಲ್ಲಿ ತೀರಿಕೊಂಡ. ಆಮೇಲೆಯೇ ವಿಶ್ವ ಪಂದ್ಯಗಳು ಒಂದೊಂದಾಗಿ 15ರಿಂದ 12 ರೌಂಡ್‌ಗೆ ಇಳಿದವು.

ಪ್ರಶ್ನೆ: ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೇರಿ ಕೋಮ್ ಎರಡು ಮತ್ತು ಮೂರನೇ ರೌಂಡ್ ಗೆದ್ದರು. ಆದರೂ ಸೋತರು. ಮೂರರಲ್ಲಿ ಎರಡು ಗೆದ್ದವರು ಸೋಲುವುದು ಹೇಗೆ? ನನಗಂತೂ ಅನ್ಯಾಯ ಅನ್ನಿಸಿತು.
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಅವತ್ತು ನನಗೂ ಹೊಟ್ಟೆ ಉರಿಯಿತು. ಪಾಪ, ಅವರೂ ತಾನೇ ಗೆದ್ದೆ ಅಂದುಕೊಂಡಿದ್ದರು. ಆದರೆ ಲೆಕ್ಕದಲ್ಲಿ ತಪ್ಪಿಲ್ಲ. ಐವರು ಜಡ್ಜ್‌ಗಳಿದ್ದರು. ಮೊದಲ ರೌಂಡ್ ಕೊಲಂಬಿಯಾದ ವೆಲೆನ್ಸಿಯಾಗೆ 4–1. ಎರಡನೆಯದು, ಮೂರನೆಯದು ಮೇರಿಗೆ 3–2. ಆದರೆ ಗೆಲುವನ್ನು ತೀರ್ಮಾನಿಸುವುದು ರೌಂಡ್ ಅಲ್ಲ, ಒಬ್ಬೊಬ್ಬ ಜಡ್ಜ್‌ನ ಪೂರ್ತಿ ಹಾಳೆ.

ಕಾಗದದ ಮೇಲೆ ಹಾಕಿ ನೋಡಿ. ಒಬ್ಬ ಜಡ್ಜ್ ಮೂರೂ ರೌಂಡ್ ಮೇರಿಗೆ ಕೊಟ್ಟರು ಅಂದುಕೊಳ್ಳಿ. ಇನ್ನೊಬ್ಬರು ಕೊನೆಯ ಎರಡು ಕೊಟ್ಟರು. ಈ ಎರಡು ಹಾಳೆ ಮೇರಿಯದು. ಮೂರನೆಯವರು ಬರೀ ಎರಡನೇ ರೌಂಡ್ ಕೊಟ್ಟರು, ನಾಲ್ಕನೆಯವರು ಬರೀ ಮೂರನೆಯದು, ಐದನೆಯವರು ಒಂದೂ ಕೊಡಲಿಲ್ಲ. ಈ ಮೂರು ಹಾಳೆ ವೆಲೆನ್ಸಿಯಾದು. ಈಗ ರೌಂಡ್‌ವಾರು ಎಣಿಸಿ. 1–4, 3–2, 3–2. ಹಾಳೆಯ ಲೆಕ್ಕ 2–3. ನಮ್ಮ ಚುನಾವಣೆಯ ಹಾಗೆಯೇ. ಒಂದು ಕ್ಷೇತ್ರದಲ್ಲಿ ಲಕ್ಷ ಮತದ ಲೀಡ್ ಬಂದರೂ ಸಿಗುವುದು ಒಂದೇ ಸೀಟು.

ನಿಜವಾದ ಅನ್ಯಾಯ ನೋಡಬೇಕಾದರೆ 1988ರ ಸೋಲ್ ಒಲಿಂಪಿಕ್ಸ್ ಫೈನಲ್ ನೋಡಿ. ರಾಯ್ ಜೋನ್ಸ್ 86 ಗುದ್ದು ತಾಗಿಸಿದ, ಆತಿಥೇಯ ಕೊರಿಯಾದ ಪಾರ್ಕ್ 32. ಚಿನ್ನ ಪಾರ್ಕ್‌ಗೆ ಹೋಯಿತು, 3–2ರಿಂದ. ಈ ಗಲಾಟೆ ಆದ ಮೇಲೆಯೇ 1992ರಲ್ಲಿ ಗುಂಡಿ ಒತ್ತಿ ಗುದ್ದು ಎಣಿಸುವ ಕಂಪ್ಯೂಟರ್ ಬಂತು. ಐವರಲ್ಲಿ ಮೂವರು ಒಂದು ಸೆಕೆಂಡ್ ಒಳಗೆ ಒತ್ತಿದರೆ ಮಾತ್ರ ಪಾಯಿಂಟ್. 2012ರ ಲಂಡನ್‌ನಲ್ಲಿ ಮೇರಿ ಕಂಚು ಗೆದ್ದಾಗಲೂ ಗುದ್ದು ಎಣಿಸುವ ಲೆಕ್ಕವೇ ಇತ್ತು. 2013ರಿಂದ ಅಲ್ಲೂ 10 ಪಾಯಿಂಟ್ ಕ್ರಮ.

ಪ್ರಶ್ನೆ: ಬರೆಯುವುದನ್ನು ಯಾವ ಪಂದ್ಯದಿಂದ ಶುರು ಮಾಡಲಿ?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಹ್ಯಾಗ್ಲರ್–ಹರ್ನ್ಸ್ ಬೇಡ. ಅದ್ಭುತ ಪಂದ್ಯ, ಆದರೆ ಮೂರನೇ ರೌಂಡ್‌ಗೇ ಮುಗಿಯುತ್ತದೆ, ಪೆನ್ಸಿಲ್‌ಗೆ ಕೆಲಸ ಇಲ್ಲ. 1981ರ ಲಿಯೊನಾರ್ಡ್–ಹರ್ನ್ಸ್ ಹಾಕಿ. ಹದಿನಾಲ್ಕನೇ ರೌಂಡ್‌ನಲ್ಲಿ ಲಿಯೊನಾರ್ಡ್ ಗೆದ್ದ. ಆದರೆ ಅಲ್ಲಿಯವರೆಗೆ ಮೂವರು ಜಡ್ಜ್‌ಗಳ ಹಾಳೆಯಲ್ಲೂ ಅವನು ಹಿಂದಿದ್ದ. ಹದಿಮೂರು ರೌಂಡ್ ಮುಗಿದಾಗ ನಿಮ್ಮ ಹಾಳೆಯಲ್ಲಿ ಯಾರು ಮುಂದಿದ್ದಾರೆ ನೋಡಿ.

ಆಮೇಲೆ 1999ರ ಮಾರ್ಚ್‌ನ ಹೋಲಿಫೀಲ್ಡ್–ಲೂಯಿಸ್. ಡ್ರಾ ಆದ ಪಂದ್ಯ. ಒಬ್ಬರು ಲೂಯಿಸ್‌ಗೆ 116–113, ಒಬ್ಬರು ಹೋಲಿಫೀಲ್ಡ್‌ಗೆ 115–113, ಒಬ್ಬರು 115–115. ಇದರ ಐದನೇ ರೌಂಡನ್ನು ಹೋಲಿಫೀಲ್ಡ್‌ಗೆ ಕೊಟ್ಟ ಜಡ್ಜ್ ಕೂಡ ಇದ್ದಾರೆ. ಸೌಂಡ್ ಆಫ್ ಮಾಡಿ, ಮೂರು ಚೌಕ ಹಾಕಿಕೊಂಡು, ಆ ಮೂರು ನಿಮಿಷ ಮಾತ್ರ ನೋಡಿ. ಚೌಕದಲ್ಲಿ ಏನು ಬರೆದಿರಿ ಅಂತ ನನಗೆ ಬರೆದು ಕಳಿಸಿ. ನನ್ನದು ‘ಲೂ, ಲೂ, ಲೂ’.