ಕ್ಯಾಲೆಂಡರ್ ಹಾಳೆ ಮತ್ತು ತುಟಿಯ ಗುಳ್ಳೆ

ಈ ಪ್ರಕರಣ ಬರೆಯಬೇಕೋ ಬೇಡವೋ ಅಂತ ತುಂಬಾ ದಿನ ಯೋಚಿಸಿದೆ. ಕೊಡಗು ಚಿಕ್ಕ ಜಿಲ್ಲೆ. ಮನೆತನದ ಹೆಸರು ಹೇಳಿದರೆ ಸಾಕು, ಅಜ್ಜನ ಗದ್ದೆ ಎಲ್ಲಿತ್ತು ಅಂತಲೂ ಹೇಳಿಬಿಡುತ್ತಾರೆ. ಹಾಗಾಗಿ ಊರು, ವಯಸ್ಸು, ಕೆಲಸ ಎಲ್ಲವನ್ನೂ ಅಷ್ಟಿಷ್ಟು ಬದಲಿಸಿದ್ದೇನೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಹರ್ಪಿಸ್ ಯಾರಿಂದ ಬಂತು ಅನ್ನುವ ಇದೇ ಜಗಳ ಬೇರೆ ಬೇರೆ ದಂಪತಿಗಳ ಜೊತೆ ನನ್ನ ಆಪ್ತಸಲಹೆಯ ಕೋಣೆಗೆ ಬರುತ್ತಲೇ ಇದೆ. ಮತ್ತೆ, ಈ ಒಂದು ಮನೆಯಲ್ಲಿ ಮೊದಲ ಕಡ್ಡಿ ಗೀರಿದವಳು ನಾನೇ.

ಗಂಡ ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು. ಮದುವೆಯಾಗಿ ಆರು ವರ್ಷ, ಒಬ್ಬಳು ಮಗಳು. ಹೆಂಡತಿಗೆ ಜ್ವರ, ತೊಡೆಸಂದಿಯಲ್ಲಿ ಗಂಟು, ಮೂತ್ರ ಮಾಡುವಾಗ ಜೀವ ಹೋಗುವಷ್ಟು ಉರಿ. ನೀರು ತುಂಬಿದ ಸಣ್ಣ ಗುಳ್ಳೆಗಳು ಒಡೆದು ಹುಣ್ಣಾಗಿದ್ದವು. ಡಾಕ್ಟರ್ ನೋಡಿ ಜನನಾಂಗದ ಹರ್ಪಿಸ್ ಅಂದರು, ಅಸೈಕ್ಲೋವಿರ್ ಮಾತ್ರೆ ಶುರು ಮಾಡಿ ನನ್ನ ಹತ್ತಿರ ಕಳಿಸಿದರು. ನಾನು ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು, 'ಇದು ಲೈಂಗಿಕ ಸಂಪರ್ಕದಿಂದ ಬರುವ ಸೋಂಕು' ಅಂದೆ. ಮಾತು ಸುಳ್ಳಲ್ಲ, ಆದರೆ ಅರ್ಧ. ಉಳಿದರ್ಧ ಹೇಳುವ ಮೊದಲೇ ಅವರು ಎದ್ದು ಹೊರಗೆ ಹೋಗಿದ್ದರು.

ಮನೆಯಲ್ಲಿ ಅತ್ತೆಗೆ ಹೇಳಿದ್ದು 'ಸರ್ಪಸುತ್ತು' ಅಂತ. ಹರ್ಪಿಸ್ ಅನ್ನುವ ಶಬ್ದ ಕೇಳಿದರೆ ನಮ್ಮಲ್ಲಿ ಎಲ್ಲರ ಮನಸ್ಸೂ ಅಲ್ಲಿಗೇ ಹೋಗುತ್ತದೆ. ಅದು ಬೇರೆ ವೈರಸ್. ಚಿಕನ್‌ಪಾಕ್ಸ್ ತರುವ ವೈರಸ್ಸೇ ವರ್ಷಗಳ ನಂತರ ಮತ್ತೆ ಎದ್ದರೆ ಸರ್ಪಸುತ್ತು. ಮಾತ್ರೆಯ ಹೆಸರು ಒಂದೇ ಆಗಬಹುದು, ಪ್ರಮಾಣ ಬೇರೆ. ಅತ್ತೆ ಕುಕ್ಕೆಗೆ ಹೋಗಿ ಬನ್ನಿ ಅಂದರಂತೆ. ಹೋಗಿ ಬರಲಿ, ನಾನು ಬೇಡ ಅನ್ನಲಿಲ್ಲ. ಮಾತ್ರೆ ಮಾತ್ರ ತಪ್ಪಿಸಬೇಡಿ ಅಂದೆ.

ಹತ್ತು ದಿನ ಬಿಟ್ಟು ಇಬ್ಬರೂ ಮತ್ತೆ ಬಂದರು. ಗಂಡ ಪ್ಲಾಸ್ಟಿಕ್ ಕವರಿನಿಂದ ಎರಡು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಒಂದು ರಕ್ತ ಪರೀಕ್ಷೆಯ ವರದಿ: ಹೆಂಡತಿಯದು, ಐಜಿಎಂ (ಸೋಂಕಿನ ಶುರುವಿನಲ್ಲಿ ದೇಹ ಮಾಡುವ ಪ್ರತಿಕಾಯ) ಪಾಸಿಟಿವ್. ಇನ್ನೊಂದು ಗೋಡೆ ಕ್ಯಾಲೆಂಡರಿನ ಡಿಸೆಂಬರ್ ಹಾಳೆ. ಮನೆಗಳಲ್ಲಿ ಇರುತ್ತದಲ್ಲ ಅಂಥದ್ದೇ. ಹಾಲಿನ ಲೆಕ್ಕ, ಒಂದು ಚೌಕದಲ್ಲಿ 'ಗ್ಯಾಸ್ ಬಂತು' ಅಂತ ಹೆಂಡತಿಯ ಅಕ್ಷರ. ಅದರ ಪಕ್ಕದಲ್ಲೇ ಐದು ದಿನಕ್ಕೆ ಕೆಂಪು ಪೆನ್ನಿನ ಸುತ್ತು.

'ಹುತ್ತರಿಗೆ ಇವಳು ತವರಿಗೆ ಹೋಗಿದ್ದ ದಿನಗಳು. ವೈರಸ್ ತಗಲಿ 2ರಿಂದ 12 ದಿನದಲ್ಲಿ ಗುಳ್ಳೆ ಬರುತ್ತೆ ಅಂತ ಫೋನಲ್ಲಿ ಓದಿದೆ. ಎಣಿಸಿ ನೋಡಿ ಮೇಡಂ, ಸರಿಯಾಗಿ ಬರುತ್ತೆ. ರಿಪೋರ್ಟಲ್ಲೂ ಹೊಸ ಸೋಂಕು ಅಂತಿದೆ.'

ಕೂಲಿಯವರ ಕೆ.ಜಿ. ಲೆಕ್ಕ ಬರೆಯುವ ಕೈ. ತಪ್ಪಿಲ್ಲದೆ ಎಣಿಸಿದ್ದರು. ತಪ್ಪಿದ್ದದ್ದು ಲೆಕ್ಕ ಶುರು ಮಾಡಿದ ಜಾಗದಲ್ಲಿ.

ಮೊದಲ ದಿನವೇ ಹೇಳಬೇಕಿದ್ದನ್ನು ಆಗ ಹೇಳಿದೆ. 2ರಿಂದ 12 ದಿನ ಅನ್ನುವುದು, ಗುಳ್ಳೆ ಏಳುವುದೇ ಆದರೆ ಸಾಮಾನ್ಯವಾಗಿ ಹಿಡಿಯುವ ಸಮಯ. ಜಾಸ್ತಿ ಜನರಿಗೆ ಮೊದಲ ಸಲ ಏನೂ ಗೊತ್ತೇ ಆಗುವುದಿಲ್ಲ, ಅಥವಾ ಸಣ್ಣ ತುರಿಕೆ ಅಂದುಕೊಂಡು ಬಿಟ್ಟಿರುತ್ತಾರೆ. ವೈರಸ್ ಬೆನ್ನುಮೂಳೆಯ ಕೆಳಗಿನ ನರದ ಗಂಟುಗಳಲ್ಲಿ ಸುಮ್ಮನೆ ಮಲಗಿರುತ್ತದೆ. ತಿಂಗಳಾದ ಮೇಲೆ ಏಳಬಹುದು, ವರ್ಷಗಳಾದ ಮೇಲೂ ಏಳಬಹುದು. ಗಂಡನಲ್ಲೇ ಇದ್ದು, ಗಂಡನಿಗೇ ಗೊತ್ತಿಲ್ಲದೆ ಹೆಂಡತಿಗೆ ದಾಟಬಹುದು. ಹುಣ್ಣಿಲ್ಲದ ದಿನವೂ ಚರ್ಮದಿಂದ ಚರ್ಮಕ್ಕೆ ಹರಡುತ್ತದೆ. ಇನ್ನು ಆ ಐಜಿಎಂ: ಹಳೆಯ ಸೋಂಕು ಮತ್ತೆ ಎದ್ದಾಗಲೂ ಅದು ಪಾಸಿಟಿವ್ ಬರಬಹುದು, ಹರ್ಪಿಸ್ ವೈರಸ್ಸಿನ ಎರಡು ಬಗೆಗಳಲ್ಲಿ ಟೈಪ್ 1 ಯಾವುದು, ಟೈಪ್ 2 ಯಾವುದು ಅಂತಲೂ ಸರಿಯಾಗಿ ಬೇರ್ಪಡಿಸುವುದಿಲ್ಲ. ಹೊಸದೋ ಹಳೆಯದೋ ಹೇಳಲು ಅದನ್ನು ನಂಬಬಾರದು.

ಅವರು ಒಪ್ಪಲಿಲ್ಲ. ಹಾಳೆ ನೋಡುತ್ತಾ ಕೂತರು. ತಲೆ ಬಗ್ಗಿಸಿದಾಗ ಅವರ ಕೆಳತುಟಿಯ ಅಂಚಿನಲ್ಲಿ ಒಣಗುತ್ತಿದ್ದ ಗಾಯ ಕಾಣಿಸಿತು.

'ತುಟಿಗೇನಾಯ್ತು?' ಅಂದೆ.

'ಏನಿಲ್ಲ, ಜ್ವರದ ಗುಳ್ಳೆ. ಆಗಾಗ ಬರುತ್ತೆ.'

ಅದೂ ಹರ್ಪಿಸ್ಸೇ, ಹೆಚ್ಚಾಗಿ ಟೈಪ್ 1. ಬಾಯಿ ಮುಖಾಂತರದ ಸಂಬಂಧ ಇದ್ದರೆ ತುಟಿಯಿಂದ ಜನನಾಂಗಕ್ಕೆ ಹೋಗಬಹುದು. ಇದನ್ನು ಕೇಳಲು ನನಗೂ ಮುಜುಗರ, ಹದಿನೈದು ವರ್ಷ ಕಳೆದರೂ ಹೋಗಿಲ್ಲ. ಕೇಳಿದೆ. ಇಬ್ಬರೂ ನೆಲ ನೋಡಿದರು. ಅದೇ ಉತ್ತರ.

ಅಷ್ಟು ಹೊತ್ತು ಬಾಯಿ ಬಿಡದಿದ್ದ ಹೆಂಡತಿ ಮೆಲ್ಲಗೆ ಅಂದಳು: 'ಅತ್ತೆಗೂ ಹೀಗೇ ಬರುತ್ತಲ್ಲ ಮೇಡಂ. ಪ್ರತಿ ವರ್ಷ ಕಾಫಿ ಕೊಯ್ಲಿಗೆ, ಬಿಸಿಲು ತಗಲಿದ ಕೂಡಲೇ.'

ಗಂಡನ ಮುಖ ನೋಡಬೇಕಿತ್ತು. ತುಟಿಯ ಹರ್ಪಿಸ್ ಹೆಚ್ಚಿನವರಿಗೆ ಬರುವುದು ಚಿಕ್ಕಂದಿನಲ್ಲಿ, ಮನೆಯವರ ಮುತ್ತಿನಿಂದ. 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಟೈಪ್ 1 ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕೆಂಪು ಸುತ್ತು ಹಾಕಬೇಕಾದರೆ ಮೂವತ್ತು ವರ್ಷ ಹಿಂದಿನ ಕ್ಯಾಲೆಂಡರ್ ಹುಡುಕಬೇಕು.

'ಹಾಗಾದ್ರೆ ನಾನೇ ಕೊಟ್ಟಿದ್ದಾ?'

'ಗೊತ್ತಿಲ್ಲ' ಅಂದೆ. ಹಸಿ ಗುಳ್ಳೆಯಿಂದ ಹತ್ತಿಕಡ್ಡಿಯಲ್ಲಿ ಸ್ವಾಬ್ ತೆಗೆದು ಪಿಸಿಆರ್, ಅಂದರೆ ವೈರಸ್ಸನ್ನೇ ಗುರುತಿಸುವ ಪರೀಕ್ಷೆ, ಮಾಡಿಸಿದ್ದರೆ ಯಾವ ಟೈಪ್ ಅಂತ ತಿಳಿಯುತ್ತಿತ್ತು. ಗುಳ್ಳೆ ಒಣಗಿ ಹೋಗಿತ್ತು. ತಿಳಿದರೂ ಯಾರಿಂದ, ಯಾವಾಗ ಅನ್ನುವುದು ತಿಳಿಯುತ್ತಿರಲಿಲ್ಲ.

ಇಲ್ಲಿ ನನ್ನ ಮೇಲೆ ಆಕ್ಷೇಪಣೆ ಇದೆ. 'ಹೆಂಗಸಿನ ಪರ ಮಾತಾಡಿದಿರಿ' ಅಂತ ಜೊತೆಯವರೇ ಅಂದರು. ಆ ಐದು ದಿನ ತವರಲ್ಲಿ ಏನಾಯಿತು ಅಂತ ನನಗೆ ಗೊತ್ತಿಲ್ಲ. ಎಸ್ಟೇಟಿನಲ್ಲಿ ಆರು ವರ್ಷ ಏನಾಯಿತು ಅಂತಲೂ ಗೊತ್ತಿಲ್ಲ. ಅವಳನ್ನು ಒಬ್ಬಳೇ ಕೂರಿಸಿ ವಿಚಾರಿಸಿ ಅಂದವರಿಗೆ ನಾನು ಕೇಳಿದ್ದು ಒಂದೇ: ಗಂಡನನ್ನು ಯಾಕೆ ಕೂರಿಸಬಾರದು? ಮದುವೆಗೆ ಮುಂಚೆ ಇಬ್ಬರಿಗೂ ಪರೀಕ್ಷೆ ಆಗಿಲ್ಲದಿದ್ದರೆ, ಈಗ ಯಾವ ಲ್ಯಾಬೂ ಈ ಪಂಚಾಯ್ತಿ ತೀರ್ಮಾನ ಮಾಡಲಾರದು. ಅವಳೇ ಹೇಳಿದಳು, 'ನಾನು ಇಲ್ಲಿಗೆ ಬಂದಿದ್ದು ಉರಿ ಕಡಿಮೆ ಮಾಡ್ಕೊಳ್ಳೋಕೆ. ಮನೆಗೆ ಹೋದ್ರೆ ಹೆಸರು ಹೇಳು ಅಂತಾರೆ.'

ಆಮೇಲೆ ಕೆಲಸದ ಮಾತಿಗೆ ಬಂದೆವು. ಇದಕ್ಕೆ ಪೂರ್ತಿ ಗುಣವಾಗುವ ಔಷಧಿ ಇಲ್ಲ, ಲಸಿಕೆಯೂ ಇಲ್ಲ. ಆದರೆ ಮೊದಲ ಸಲದಷ್ಟು ಜೋರಾಗಿ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಟೈಪ್ 1 ಆಗಿದ್ದರೆ ಆ ಜಾಗದಲ್ಲಿ ಮರುಕಳಿಸುವುದೂ ಕಡಿಮೆ. ಗುಳ್ಳೆ ಬರುವ ಮುಂಚೆ ಜುಮುಜುಮು, ಉರಿ, ಸೆಳೆತ ಇರುತ್ತದೆ. ಆ ಗಳಿಗೆಯಿಂದ ಹೊಸ ಚರ್ಮ ಮುಚ್ಚುವವರೆಗೆ ಸಂಪರ್ಕ ಬೇಡ. ಇವರ ತುಟಿಗೆ ಬಂದಾಗಲೂ ಅಷ್ಟೇ, ಮುತ್ತೂ ಬೇಡ. ಉಳಿದ ದಿನ ಕಾಂಡೋಮ್ ಇರಲಿ. ಅದು ಮುಚ್ಚದ ಚರ್ಮದಿಂದ ದಾಟಬಹುದು, ಆದರೂ ಅಪಾಯ ಗಣನೀಯವಾಗಿ ತಗ್ಗುತ್ತದೆ. ಪದೇ ಪದೇ ಬರುವವರಿಗೆ ಡಾಕ್ಟರ್ ದಿನಾ ಒಂದು ವಾಲಾಸೈಕ್ಲೋವಿರ್ ಮಾತ್ರೆ ಕೊಡುವುದುಂಟು. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಟೈಪ್ 2 ಇದ್ದ 1,484 ಜೋಡಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಂಗಾತಿಗೆ ಸೋಂಕು ದಾಟುವುದು ಅದರಿಂದ ಸುಮಾರು ಅರ್ಧಕ್ಕೆ ಇಳಿದಿತ್ತು. ಗುಳ್ಳೆ ಮುಟ್ಟಿದ ಕೈ ತೊಳೆಯದೆ ಕಣ್ಣು ಮುಟ್ಟಬಾರದು. ಮಗಳ ಬಟ್ಟೆ ಬೇರೆ ಒಗೆಯುತ್ತಿದ್ದಳಂತೆ ಪಾಪ. ಅದರ ಅಗತ್ಯವೇ ಇರಲಿಲ್ಲ. ಕಕ್ಕಸಿನಿಂದ, ಬಟ್ಟೆಯಿಂದ ಇದು ಹರಡುವುದಿಲ್ಲ.

ಇಬ್ಬರಿಗೂ ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಮಾಡಿಸಿದೆ. ಹುಣ್ಣಿದ್ದರೆ ಎಚ್‌ಐವಿ ಒಳಗೆ ಬರುವ ದಾರಿ ಸಲೀಸು. ಸಿಫಿಲಿಸ್ ಹುಣ್ಣನ್ನು ಹರ್ಪಿಸ್ ಅಂದುಕೊಂಡು ಬಿಟ್ಟರೆ, ಗುಣವಾಗುವ ಕಾಯಿಲೆಯನ್ನೇ ಮನೆಯಲ್ಲಿ ಸಾಕಿದಂತೆ. ಎರಡೂ ನೆಗೆಟಿವ್ ಬಂದವು. ಕೇಳಿಸಿಕೊಳ್ಳುವವರ ಮುಖ ನೋಡಲು ನಾಚಿಕೆಯಾದರೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಉಚಿತವಾಗಿ ಫೋನ್ ಮಾಡಬಹುದು ಅಂತ ಚೀಟಿ ಬರೆದುಕೊಟ್ಟೆ. ಕ್ಯಾಲೆಂಡರ್ ಹಾಳೆ ನನ್ನ ಮೇಜಿನ ಮೇಲೇ ಉಳಿಯಿತು. ಅವರು ಮರೆತರೋ, ಬಿಟ್ಟು ಹೋದರೋ ಕೇಳಲಿಲ್ಲ.

ಮುಂದಿನ ಮಳೆಗಾಲದಲ್ಲಿ ಕೊಡೆ ಮಡಚುತ್ತಾ ಇಬ್ಬರೂ ಬಂದರು. ಅವಳಿಗೆ ಏಳು ತಿಂಗಳು. ಗರ್ಭಿಣಿಗೆ ಕೊನೆಯ ಮೂರು ತಿಂಗಳಲ್ಲಿ ಹೊಸದಾಗಿ ತಗಲಿದರೆ ಮಗುವಿಗೆ ಅಪಾಯ ಜಾಸ್ತಿ. ಮೊದಲೇ ಇದ್ದವರಲ್ಲಿ ತುಂಬಾ ಕಡಿಮೆ, ತಾಯಿಯ ರಕ್ಷಣೆ ಮಗುವಿಗೂ ಸಿಕ್ಕಿರುತ್ತದೆ. ಹೆರಿಗೆ ಡಾಕ್ಟರಿಗೆ ಮುಚ್ಚಿಡಬೇಡಿ, ನೋವು ಬಂದಾಗ ಗುಳ್ಳೆ ಇದ್ದರೆ ಸಿಸೇರಿಯನ್ ಮಾಡುತ್ತಾರೆ ಅಂದೆ. ಡಾಕ್ಟರಿಗೆ ಆಗಲೇ ಹೇಳಿದ್ದೇವೆ ಅಂದರು ಗಂಡ.

'ಇನ್ನೊಂದಿದೆ. ತುಟಿಗೆ ಗುಳ್ಳೆ ಇರುವವರು ಯಾರೂ ಹಸುಗೂಸಿಗೆ ಮುತ್ತು ಕೊಡಬಾರದು.'

ಇಬ್ಬರೂ ಮುಖ ಮುಖ ನೋಡಿಕೊಂಡರು.

'ಅತ್ತೆಗೆ ಹೇಳೋದು ಯಾರು?' ಅಂದಳು.

'ನಾನು ಹೇಳ್ತೀನಿ' ಅಂದರು ಅವರು. ಸ್ವಲ್ಪ ಹೊತ್ತು ಬಿಟ್ಟು, 'ಮೇಡಂ, ಅದನ್ನ ಡಾಕ್ಟರ ಲೆಟರ್‌ಹೆಡ್ಡಲ್ಲಿ ಬರೆಸಿಕೊಡ್ತೀರಾ?' ಅಂತ ಕೇಳಿದರು.