ಒಂದೇ ಕೋಣೆಯ ಮನೆಯಲ್ಲಿ ಬರೆಯೋಕೆ ಎಂಥ ಮೇಜು ಹಾಕಿಕೊಳ್ಳಲಿ?

ಒಂದು ಕೋಣೆ, ಒಂದು ಅಡುಗೆಮನೆ ಇರುವ ಬಾಡಿಗೆ ಮನೆ, ನಾಲ್ಕು ಜನ. ಇದರಲ್ಲಿ ಬರೆಯೋಕೆ ಅಂತಲೇ ಒಂದು ಮೇಜು ಹಾಕಿಕೊಳ್ಳೋದು ಆಗುತ್ತಾ ಅಂತ ಕೇಳಿದ್ದೀರಿ. ನಾನು ರಾಯಚೂರಿನಲ್ಲಿ ಅಂಥದ್ದೇ ಮನೆಯಲ್ಲಿ ಆರು ವರ್ಷದಿಂದ ಕತೆ ಬರೆಯುತ್ತಿದ್ದೇನೆ. ಅಚ್ಚಾಗಿದ್ದು ಎರಡೇ, ಆ ಮಾತು ಬೇರೆ. ಆದರೆ ಮೇಜಿನ ವಿಷಯದಲ್ಲಿ ಸಾಕಷ್ಟು ಪೆಟ್ಟು ತಿಂದಿದ್ದೇನೆ.

ಆಗುತ್ತದೆ. ಆದರೆ ಕುರ್ಚಿಯ ಆಸೆ ಬಿಡಿ, ನೆಲಕ್ಕೆ ಇಳಿಯಿರಿ.

ಮೊದಲು ನಾನೂ ಆನ್‌ಲೈನ್‌ನಲ್ಲಿ ಒಂದು ಮಡಚುವ ಮೇಜು ತರಿಸಿದ್ದೆ. ಎತ್ತರ 30 ಇಂಚು, ನೋಡೋಕೆ ಚೆಂದ. ಮೇಜಿಗೇನೋ ಜಾಗ ಅಳೆದಿದ್ದೆ, ಕುರ್ಚಿ ಹಿಂದಕ್ಕೆ ಎಳೆಯೋಕೆ ಇನ್ನೆರಡು ಅಡಿ ಬೇಕು ಅನ್ನೋದು ಹೊಳೆದಿರಲಿಲ್ಲ. ನಾನು ಕೂತರೆ ಅಡುಗೆಮನೆ ದಾರಿ ಬಂದ್. ಒಂದು ಪ್ಯಾರಾ ಮುಗಿಯೋದರೊಳಗೆ ಅವ್ವ ಮೂರು ಸಲ "ಸ್ವಲ್ಪ ಏಳಪಾ" ಅನ್ನೋಳು. ಸಾಲದ್ದಕ್ಕೆ ಅದು ಮರದ ಪುಡಿ ಒತ್ತಿ ಮಾಡಿದ ಹಲಗೆ. ಕೂಲರಿನ ನೀರು ಸಿಡಿದು ಸಿಡಿದು, ಒಂದೇ ಬೇಸಿಗೆಗೆ ಅದರ ಅಂಚು ಸಾರಿನಲ್ಲಿ ನೆನೆದ ರೊಟ್ಟಿಯ ಹಾಗೆ ಉಬ್ಬಿಕೊಂಡಿತು.

ಗೋಡೆಗೆ ಬಿಗಿಯುವ ಮಡಚು ಹಲಗೆ ಕೆಟ್ಟದ್ದಲ್ಲ. ಸ್ವಂತ ಮನೆ, ಇಟ್ಟಿಗೆ ಗೋಡೆಯಾದರೆ ಹಾಕಿಸಿ, 19 ಮಿ.ಮೀ. ಪ್ಲೈವುಡ್ ಸಾಕು. ಹಳೇ ಕಲ್ಲು-ಮಣ್ಣಿನ ಗೋಡೆಗೆ ಮಾತ್ರ ಬೇಡ. ಡ್ರಿಲ್ ಹಾಕಿದರೆ ಮಣ್ಣು ಉದುರುತ್ತದೆ, ಸ್ಕ್ರೂ ನಿಲ್ಲೋದಿಲ್ಲ. ನಮ್ಮ ಮಾಲೀಕರಂತೂ ಕ್ಯಾಲೆಂಡರ್ ಮೊಳೆಗೇ ಮುಖ ಕೆಡಿಸಿಕೊಳ್ಳುತ್ತಾರೆ.

ನಮ್ಮಪ್ಪ ಇಲ್ಲಿನ ಕೃಷಿ ಮಾರುಕಟ್ಟೆ ರಾಜೇಂದ್ರ ಗಂಜ್‌ನಲ್ಲಿ ಒಂದು ಅಡತಿ (ದಲಾಲಿ) ಅಂಗಡಿಯ ಗುಮಾಸ್ತರಾಗಿದ್ದರು. ಬಿಳಿ ಗಾದಿ, ಬೆನ್ನಿಗೆ ಲೋಡು, ಮುಂದೆ ಇಳಿಜಾರು ಮುಚ್ಚಳದ ಮರದ ಪೆಟ್ಟಿಗೆ. ಹತ್ತಿ ಸೀಸನ್ನಿನಲ್ಲಿ ದಿನವಿಡೀ ಅದರ ಮೇಲೆಯೇ ಕಿರ್ದಿ, ಅಂದರೆ ದಿನದ ಜಮಾ-ಖರ್ಚಿನ ಲೆಕ್ಕ, ಬರೆಯೋರು. ಅದು ನೆನಪಾಗಿ ಗುಜರಿ ಅಂಗಡಿಗಳನ್ನು ಹುಡುಕಿದೆ. 600 ರೂಪಾಯಿಗೆ ಒಂದು ಸಿಕ್ಕಿತು. 24 ಇಂಚು ಉದ್ದ, 18 ಇಂಚು ಅಗಲ, ಮುಚ್ಚಳದ ತುಂಬ ಹಳೇ ಮಸಿ ಕಲೆ. ಕಲೆ ಹಾಗೇ ಬಿಟ್ಟಿದ್ದೇನೆ, ಚೆನ್ನಾಗಿದೆ.

ಪೆಟ್ಟಿಗೆ ನೆಲಕ್ಕೆ ತಾಗಿದ್ದರಿಂದ ಮೊಣಕಾಲು ಬಡಿಯುತ್ತಿತ್ತು. ಬಡಗಿ 8 ಇಂಚಿನ ನಾಲ್ಕು ಕಾಲು ಹಚ್ಚಿಕೊಟ್ಟ. ಈಗ ಚಕ್ಕಳಮಕ್ಕಳ ಹಾಕಿದರೆ ಕಾಲು ಅದರಡಿ ಹೋಗುತ್ತೆ, ಮುಂದಿನ ಅಂಚು ಸರಿಯಾಗಿ ಮೊಣಕೈ ಮಟ್ಟಕ್ಕೆ ಬರುತ್ತೆ. ಇಳಿಜಾರಿನ ಲಾಭ ಏನಂದರೆ ಹಾಳೆಯೇ ಕಣ್ಣಿನ ಕಡೆ ಎದ್ದಿರುತ್ತದೆ, ಕತ್ತು ಜಾಸ್ತಿ ಬಗ್ಗಿಸಬೇಕಿಲ್ಲ. ಪೆನ್ನು ಜಾರದಂತೆ ಕೆಳ ಅಂಚಿಗೆ ಸಣ್ಣ ಮರದ ಪಟ್ಟಿ ಹೊಡೆಸಿ.

ಕೂರೋಕೆ ಬರೀ ಪರ್ಸಿ ಕಲ್ಲಿನ ನೆಲ ಬೇಡ. ಹಳೇ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಕುಂಡೆಯ ಕೆಳಗೆ ಮಾತ್ರ ಹಾಕಿ, ಕಾಲಿನ ಕೆಳಗೆ ಬೇಡ. ಸೊಂಟ ಮೊಣಕಾಲಿಗಿಂತ ಎತ್ತರ ಇದ್ದರೆ ಬೆನ್ನು ತಾನಾಗೇ ನೆಟ್ಟಗಾಗುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ. ಮೊಣಕಾಲು ನೋವು ಇರೋರಾದರೆ ಇದೆಲ್ಲ ಬಿಡಿ, ನಿಮಗೆ ಕುರ್ಚಿಯೇ ಗತಿ.

ಇನ್ನು ಜಾಗ. ಪಡುವಣ ಗೋಡೆಗೆ ಹೋಗಬೇಡಿ. ಏಪ್ರಿಲ್-ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತೆ. ಮಧ್ಯಾಹ್ನದ ಬಿಸಿಲು ಹೀರಿದ ಗೋಡೆ ರಾತ್ರಿ ಹತ್ತಾದರೂ ತಂದೂರಿ ಒಲೆಯ ಹಾಗೆ ಕಾಯುತ್ತಿರುತ್ತದೆ. ಬಲಗೈಯವರಾದರೆ ಕಿಟಕಿ ನಿಮ್ಮ ಎಡಕ್ಕಿರಲಿ, ಇಲ್ಲವಾದರೆ ಕೈಯ ನೆರಳು ಬರೆಯೋ ಸಾಲಿನ ಮೇಲೇ ಬೀಳುತ್ತೆ. ಟೇಬಲ್ ಲ್ಯಾಂಪಿಗೂ ಇದೇ ಮಾತು. ಚಾರ್ಜ್ ಮಾಡೋ ಲ್ಯಾಂಪ್ ತಗೊಳ್ಳಿ, ಕರೆಂಟ್ ನಂಬಬೇಡಿ.

ಕೂಲರಿನ ಎದುರು ಕೂರೋದು ಅಂದರೆ ಸ್ವರ್ಗ, ಅಲ್ವಾ? ಬರೆಯೋಕೆ ಮಾತ್ರ ನರಕ. ಹಾಳೆ ಹಾರೋದಿರಲಿ, ಕಲ್ಲಿಟ್ಟರೆ ಮುಗೀತು. ಆದರೆ ಆ ತೇವದ ಗಾಳಿಗೆ ಕಾಗದ ಮೆತ್ತಗಾಗಿ ಇಂಕ್ ಪೆನ್ನಿನ ಅಕ್ಷರ ಒಡೆಯುತ್ತದೆ. 'ಥ'ಕ್ಕೂ 'ಧ'ಕ್ಕೂ ವ್ಯತ್ಯಾಸವೇ ಕಾಣಲ್ಲ. ಬೇಸಿಗೆ ಮುಗಿಯೋವರೆಗೂ ನಾನು ಬಾಲ್ ಪೆನ್ನು, ಅದೂ ಬೆಳಗ್ಗೆ ಐದರಿಂದ ಆರೂವರೆ. ನಲ್ಲಿ ನೀರು ಬರೋ ದಿನ ಅದೂ ಇಲ್ಲ.

ಬರೆದಾದ ಮೇಲೆ ಡೆಸ್ಕನ್ನು ಮಂಚದ ಕೆಳಗೆ ತಳ್ಳುತ್ತೇನೆ, ಕೋಣೆ ಮತ್ತೆ ನಾಲ್ವರದ್ದು. ನೀವು ಕೊಂಡರೆ ಮುಚ್ಚಳಕ್ಕೆ ಸುಮ್ನೆ ಒಂದು ಬೀಗ ಹಾಕಿಸಿಬಿಡಿ. ನಾನು ಹಾಕಿಸಲಿಲ್ಲ. ಈಗ ಅದರೊಳಗೆ ನನ್ನ ಕತೆಗಳಿಗಿಂತ ರೇಷನ್ ಕಾರ್ಡು, ಕರೆಂಟ್ ಬಿಲ್ಲು, ಮಗಳ ಸ್ಟಿಕ್ಕರುಗಳೇ ಜಾಸ್ತಿ.