ಲ್ಯಾಬ್ ಇಲ್ಲದೆ ಕೆರೆ ಪ್ರಾಜೆಕ್ಟ್: ಹಳೇ ಮುಚ್ಚಳ ಇದ್ರೆ ಸಾಕು

ಸರ್, ಏಳನೇ ತರಗತಿ ಮಕ್ಕಳನ್ನು ಮಕ್ಕಳ ವಿಜ್ಞಾನ ಸಮಾವೇಶಕ್ಕೆ ತಯಾರು ಮಾಡಬೇಕು, ವಿಷಯ ಊರ ಕೆರೆ, ಶಾಲೆಯಲ್ಲಿ ಲ್ಯಾಬ್ ಇಲ್ಲ ಅಂತ ಕೇಳಿದ್ದೀರಿ ಅಲ್ವಾ?

ಸೆಕ್ಕಿ ತಟ್ಟೆ ಮಾಡಿಸಿ, ಅಂದ್ರೆ ನೀರು ಎಷ್ಟು ತಿಳಿಯಾಗಿದೆ ಅಂತ ಅಳೆಯೋ ತಟ್ಟೆ. 20 ಸೆಂಟಿಮೀಟರ್ ಅಗಲದ ಹಳೇ ಸ್ಟೀಲ್ ಮುಚ್ಚಳದ ಮೇಲೆ ಗೆರೆ ಎಳೆದು ನಾಲ್ಕು ಭಾಗ ಮಾಡಿ, ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಬಣ್ಣ ಬಳಿಯಲಿ. ನಡುವೆ ತೂತು, ಅಳತೆ ಗುರುತು ಹಾಕಿದ ಹಗ್ಗ, ಕೆಳಗೊಂದು ಕಲ್ಲು. ಇಳಿಸುವಾಗ ತಟ್ಟೆ ಎಲ್ಲಿ ಮಾಯವಾಯಿತು, ಎತ್ತುವಾಗ ಎಲ್ಲಿ ಮತ್ತೆ ಕಂಡಿತು, ಎರಡರ ಸರಾಸರಿ ತೆಗೆಯಲಿ. ವಾರಕ್ಕೊಮ್ಮೆ, ಅದೇ ಜಾಗ, ಮಧ್ಯಾಹ್ನ ಅದೇ ಹೊತ್ತು. ಜೋರು ಮಳೆಯ ಮರುದಿನವೂ ಒಮ್ಮೆ ಅಳೆಯಲಿ. ಸಂಖ್ಯೆ ಇಳಿದಿದ್ದರೆ ಯಾಕೆ? ಮಣ್ಣಾ, ಪಾಚಿಯಾ? ಬಾಟಲಿಯಲ್ಲಿ ನೀರು ಹಿಡಿದು ರಾತ್ರಿಯಿಡೀ ಇಟ್ಟರೆ ಮಣ್ಣು ಬಹುಪಾಲು ತಳಕ್ಕೆ ಕೂರುತ್ತದೆ.

ತೂಬಿನ ಕಟ್ಟೆ ಮೇಲಿಂದಲೇ ಅಳೆಯಲಿ. ನೀರಿಗೆ ಇಳಿಯೋದು ಬೇಡವೇ ಬೇಡ.

ಇನ್ನೊಂದು, ಭಾಷಣ ಬರೆದುಕೊಡಬೇಡಿ. ನಾನು ಬರೆದುಕೊಟ್ಟು ಕೆಟ್ಟೆ. ಹುಡುಗಿ ಗಿಳಿಪಾಠ ಒಪ್ಪಿಸಿದಳು. "ಎಲ್ಲಿ ನಿಂತು ಅಳೆದೆ ಪುಟ್ಟಾ?" ಅಂತ ತೀರ್ಪುಗಾರರು ಕೇಳಿದ್ದಕ್ಕೆ ನನ್ನ ಮುಖ ನೋಡಿದಳು! ಸುಮ್ನೆ ಫೇರ್ ಕಾಪಿ ಮಾಡಿಸಬೇಡಿ, ಕೆಸರು ಮೆತ್ತಿದ ನೋಟ್‌ಬುಕ್ಕನ್ನೇ ಮೇಜಿನ ಮೇಲಿಡಲಿ.